ಮನೆಯ ಹೈಫೈಗೆ ನೆಟ್‌ವರ್ಕ್ ಸ್ಟ್ರೀಮರ್: ದಾವಣಗೆರೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಹಳೇ ಆಂಪ್ಲಿಫೈಯರ್ ಇದೆ, ಸ್ಪೀಕರ್ ಇದೆ, ಅದಕ್ಕೊಂದು ನೆಟ್‌ವರ್ಕ್ ಸ್ಟ್ರೀಮರ್ ಸೇರಿಸಬೇಕಾ ಅಂತ ಊರಿನ ಗೆಳೆಯರು ಆಗಾಗ ಕೇಳುತ್ತಾರೆ. ನಿಮ್ಮ ಹತ್ತಿರ ಸ್ವಂತ ಸಂಗೀತ ಇದ್ದರೆ, ಅಂದರೆ ಸಿಡಿ, ಕ್ಯಾಸೆಟ್, ದುಡ್ಡು ಕೊಟ್ಟು ಇಳಿಸಿಕೊಂಡ ಫೈಲ್ ಇದ್ದರೆ, ಖಂಡಿತ ತಗೊಳ್ಳಿ. ಬರೀ ಮೊಬೈಲ್ ಆ್ಯಪ್‌ನಲ್ಲಿ ಸಿನಿಮಾ ಹಾಡು ಕೇಳುವವರಾದರೆ ಇಷ್ಟು ಖರ್ಚು, ಇಷ್ಟು ತಂತಿ ಬೇಕಿಲ್ಲ. ನನ್ನ ಅನುಭವದಲ್ಲಿ ಈ ಪೆಟ್ಟಿಗೆಯ ಬೆಲೆ ಗೊತ್ತಾಗುವುದು ಸ್ವಂತ ಸಂಗ್ರಹ ಇದ್ದವರಿಗೇ. ಕನ್ನಡದ ಭಾವಗೀತೆ, ವಚನ ಗಾಯನ, ಧಾರವಾಡದ ಕಡೆಯ ಹಿಂದೂಸ್ತಾನಿ ಕೇಳುವವರಿಗಂತೂ ಇನ್ನೂ ಜಾಸ್ತಿ.

ನಮ್ಮ ಮನೆ ಪಿ.ಜೆ. ಬಡಾವಣೆಯಲ್ಲಿ, ಹಳೇ ಕಾಲದ ದಪ್ಪ ಗೋಡೆಯ ಮನೆ. ಹಾಲ್‌ನಲ್ಲಿ ಒಂದು ಸ್ಟೀರಿಯೋ ಆಂಪ್ಲಿಫೈಯರ್, ಕೋಲ್ಕತ್ತಾದ ಸೋನೋಡೈನ್ ಕಂಪನಿಯ ಒಂದು ಜೊತೆ ಸ್ಪೀಕರ್, ಒಂದು ಸಿಡಿ ಪ್ಲೇಯರ್, ಅಪ್ಪನ ಕಾಲದ ಕ್ಯಾಸೆಟ್ ಡೆಕ್. ಸ್ಟ್ರೀಮರ್ ಅಂದರೆ ಅಂಗೈ ಅಗಲದ ಕಪ್ಪು ಪೆಟ್ಟಿಗೆ. ಅದರಲ್ಲಿ ಸ್ಪೀಕರ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಮನೆಯ ನೆಟ್‌ವರ್ಕ್‌ನಿಂದ ಸಂಗೀತದ ಫೈಲ್ ಎಳೆದುಕೊಳ್ಳುತ್ತೆ, ಅಂಕಿಗಳನ್ನು ಒಳಗಿನ ಡಿಎಸಿ ಚಿಪ್ ಮೂಲಕ ಸದ್ದಿನ ಸಿಗ್ನಲ್ ಮಾಡುತ್ತೆ, ಆಂಪ್ಲಿಫೈಯರ್‌ಗೆ ಕೊಡುತ್ತೆ. ಅಷ್ಟೇ ಅದರ ಕೆಲಸ. ಹಿಂಬದಿಯಲ್ಲಿ ಆರ್‌ಸಿಎ, ಆಪ್ಟಿಕಲ್, ಕೊಯಾಕ್ಸಿಯಲ್ ಎಂಬ ಸದ್ದಿನ ತಂತಿಗಳ ತೂತುಗಳು, ಒಂದು ಲ್ಯಾನ್ ತೂತು, ಕರೆಂಟಿಗೆ ಮೊಬೈಲ್ ಚಾರ್ಜರಿನಂಥದೇ ಪಿನ್. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಹದಿನೈದು ಸಾವಿರದ ಆಸುಪಾಸಿನ ಪೆಟ್ಟಿಗೆಗಳೆಲ್ಲ ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ. ಕೆಳಗೆ ಬರೆದಿದ್ದು ಯಾವುದಕ್ಕಾದರೂ ಹೊಂದುತ್ತೆ.

ಬ್ಲೂಟೂತ್ ಸಾಲದಾ ಅಂತ ಕೇಳುವವರೇ ಜಾಸ್ತಿ. ಸಿಡಿಯ ಸದ್ದು 16 ಬಿಟ್, 44.1 ಕಿಲೋಹರ್ಟ್ಸ್, ಅಂದರೆ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆದದ್ದು. ಎಡ ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. ಬ್ಲೂಟೂತ್‌ನಲ್ಲಿ ಸದ್ದನ್ನು ಕುಗ್ಗಿಸುವ ಸಾಮಾನ್ಯ ವಿಧಾನವಾದ ಎಸ್‌ಬಿಸಿಯಲ್ಲಿ ಹೋಗುವುದು ಸುಮಾರು 328 ಕಿಲೋಬಿಟ್. ಉಳಿದದ್ದನ್ನು ಕಿವಿಗೆ ಅಷ್ಟಾಗಿ ಗೊತ್ತಾಗದ ಹಾಗೆ ತೆಗೆದು ಹಾಕಿರುತ್ತಾರೆ. ಆದರೆ ನಮ್ಮ ಮನೆಯಲ್ಲಿ ಈ ಲೆಕ್ಕಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಬ್ಲೂಟೂತ್‌ನಲ್ಲಿ ಹಾಡು ಬರುವುದು ಫೋನಿನಿಂದ. ಫೋನ್ ಹಿಡಿದು ಹಿತ್ತಲಿಗೆ ಹೋದರೆ ಹಾಡು ತುಂಡಾಗುತ್ತೆ. ಆಲಾಪದ ಮಧ್ಯೆ ಕರೆ ಬಂದರೆ ರಿಂಗ್‌ಟೋನ್ ಇಡೀ ಹಾಲ್ ತುಂಬುತ್ತೆ. ಸ್ಟ್ರೀಮರ್‌ನಲ್ಲಿ ಫೋನ್ ಬರೀ ರಿಮೋಟ್. ಯಾವ ಹಾಡು ಬೇಕು ಅಂತ ಹೇಳಿದ ಮೇಲೆ ಪೆಟ್ಟಿಗೆ ತಾನೇ ಫೈಲ್ ತರಿಸಿಕೊಳ್ಳುತ್ತೆ. ಫೋನ್ ಆಫ್ ಮಾಡಿದರೂ ನುಡಿಯುತ್ತಿರುವ ಟ್ರ್ಯಾಕ್ ನಿಲ್ಲುವುದಿಲ್ಲ. ದಿನಾ ಬಳಸುವವರಿಗೆ ಇದೊಂದೇ ಸಾಕು ಅನಿಸುವಷ್ಟು ನೆಮ್ಮದಿ.

ಇನ್ನು ಫೈಲ್‌ಗಳ ಮಾತು. ಸಿಡಿಗಳನ್ನೆಲ್ಲ ಎಫ್‌ಎಲ್‌ಎಸಿ ರೂಪಕ್ಕೆ, ನಾವೆಲ್ಲ ಫ್ಲ್ಯಾಕ್ ಅನ್ನುತ್ತೇವಲ್ಲ ಅದಕ್ಕೆ, ಇಳಿಸಿಟ್ಟಿದ್ದೇನೆ. 2001ರಲ್ಲಿ ಬಂದ ಇದು ಯಾರಾದರೂ ಬಳಸಬಹುದಾದ ಮುಕ್ತ ವಿಧಾನ. ಒಂದು ಬಿಟ್ಟೂ ಕಳೆಯದೆ ಜಾಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತೆ. ಒಂದು ಗಂಟೆಯ ಸಿಡಿ ಹಾಗೇ ಇಟ್ಟರೆ 635 ಎಂಬಿ ಆಸುಪಾಸು, ಫ್ಲ್ಯಾಕ್ ಮಾಡಿದರೆ ಮುನ್ನೂರು ನಾಲ್ಕುನೂರು. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿಡಿ ಕೂರುತ್ತೆ. ಒಂದು ಮನೆಯ ಒಂದು ಆಯುಷ್ಯದ ಸಂಗೀತಕ್ಕೆ ಅಷ್ಟು ಸಾಕು. ಡಿಸ್ಕನ್ನು ಮೂಲೆಗೆ ಹಾಕಿದ್ದ ಹಳೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದರಲ್ಲಿ ಫೈಲ್‌ಗಳನ್ನು ಮನೆಯ ನೆಟ್‌ವರ್ಕ್‌ಗೆ ಹಂಚುವ ಮಿನಿಮ್‌ಸರ್ವರ್ ಎಂಬ ತಂತ್ರಾಂಶ ಓಡಿಸುತ್ತಿದ್ದೇನೆ. ಲ್ಯಾಪ್‌ಟಾಪ್ ಅಟ್ಟದ ಮೇಲೆ, ಪೆಟ್ಟಿಗೆ ಹಾಲ್‌ನಲ್ಲಿ, ನಡುವೆ ಇಂಥ ಯಂತ್ರಗಳು ಮಾತಾಡಿಕೊಳ್ಳುವ ಯುಪಿಎನ್‌ಪಿ ಎಂಬ ಸಾಮಾನ್ಯ ಭಾಷೆ.

ಈ ಯುಪಿಎನ್‌ಪಿ ವಿಷಯದಲ್ಲಿ ಖರೀದಿಗೆ ಮುಂಚೆಯೇ ನೋಡಬೇಕಾದ ಒಂದು ಸಂಗತಿ ಇದೆ: ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಮೌನ ಬೀಳಬಾರದು. ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹಿಂದೂಸ್ತಾನಿಯ ಖಯಾಲ್ ಗಾಯನ ಕೇಳುವವರಿಗೆ ಗೊತ್ತು: ನಿಧಾನಗತಿಯ ಬಡಾ ಖಯಾಲ್ ಮುಗಿದು ವೇಗದ ಛೋಟಾ ಖಯಾಲ್ ಶುರುವಾಗುವ ಜಾಗದಲ್ಲಿ ಸಿಡಿ ಮಾಡಿದವರು ಟ್ರ್ಯಾಕ್ ಕತ್ತರಿಸಿರುತ್ತಾರೆ. ತಬಲಾ ವಿಲಂಬಿತ ಏಕತಾಲದಿಂದ ದ್ರುತ ತೀನತಾಲಕ್ಕೆ ಹೊರಳುತ್ತೆ, ಹಾರ್ಮೋನಿಯಂ ಒಂದು ಉಸಿರು ತಗೊಳ್ಳುತ್ತೆ, ತಂಬೂರಿ ಮಾತ್ರ ಬಿಡದೆ ನುಡಿಯುತ್ತಲೇ ಇರುತ್ತೆ. ಅಲ್ಲಿ ಅರ್ಧ ಸೆಕೆಂಡ್ ಮೌನ ಬಂದರೂ ಕಛೇರಿ ಮುರಿದ ಹಾಗೆ. ಗಾಯಕ ಒಂದು ಗಂಟೆ ಕಟ್ಟಿದ ವಾತಾವರಣ ಅರೆಕ್ಷಣದಲ್ಲಿ ಹೋಗುತ್ತೆ. ಮಲ್ಲಿಕಾರ್ಜುನ ಮನ್ಸೂರರ ಅಥವಾ ಬಸವರಾಜ ರಾಜಗುರುಗಳ ನೇರ ಕಛೇರಿಯ ಧ್ವನಿಮುದ್ರಣ ಇಟ್ಟುಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಗ್ಯಾಪ್ ಇಲ್ಲದೆ ನುಡಿಯಬೇಕಾದರೆ ಈಗಿನ ಟ್ರ್ಯಾಕ್ ಮುಗಿಯುವ ಮೊದಲೇ ಮುಂದಿನದರ ವಿಳಾಸ ಪೆಟ್ಟಿಗೆಗೆ ತಲುಪಿರಬೇಕು. ಅದನ್ನು ಕಳಿಸುವ ಆ್ಯಪ್‌ಗೂ ಗೊತ್ತಿರಬೇಕು, ಪಡೆಯುವ ಪೆಟ್ಟಿಗೆಗೂ ಗೊತ್ತಿರಬೇಕು. ಎರಡರಲ್ಲಿ ಒಂದಕ್ಕೆ ಬಾರದಿದ್ದರೂ ತುಂಡು ಬಿತ್ತು. ನನ್ನ ಪೆಟ್ಟಿಗೆಯಲ್ಲಿ ಮೊದಲು ಸರಿ ಇತ್ತು. ನಡುವೆ ಒಂದು ಅಪ್‌ಡೇಟ್ ಬಂದು ಕೆಟ್ಟಿತು. ಕಂಪನಿಗೆ ಬರೆದೆ, ಇನ್ನೂ ಹಲವರು ಬರೆದಿದ್ದರಂತೆ, ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಯಿತು. ನೀವು ಕೊಳ್ಳುವಾಗ ಇಂಥ ಒಂದು ಕಛೇರಿಯ ಎರಡು ಟ್ರ್ಯಾಕ್ ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ, ಕಿವಿಯಾರೆ ಕೇಳಿ ನೋಡಿ.

ಪೆಟ್ಟಿಗೆ ತಂದ ಮೇಲೆ ಜಾಸ್ತಿ ಕೆಲಸ ಕೊಟ್ಟಿದ್ದು ಮನೆಯ ಕರೆಂಟು. ಸಂಗೀತ ನಿಂತಾಗ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸಣ್ಣ ಸದ್ದು. ಇದು ಕರೆಂಟಿನ 50 ಹರ್ಟ್ಸ್ ಸದ್ದು. ಆಂಪ್ಲಿಫೈಯರಿನ ಕಬ್ಬಿಣದ ಮೈ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಬಲ್ಬ್ ಹಚ್ಚಿ ನೋಡಿದರೆ ಹಾಲ್‌ನ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇತ್ತು. ಹಿತ್ತಲ ಹಳೇ ಗುಂಡಿ ತೆಗೆಸಿ, ಪೈಪ್ ಬದಲಿಸಿ, ಉಪ್ಪು ಇದ್ದಿಲು ಹೊಸದಾಗಿ ತುಂಬಿಸಿದೆವು. ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಬೇಕು. ಇಲ್ಲಿ ಏಪ್ರಿಲ್‌ನಲ್ಲಿ ನೆಲ ಒಣಗಿ ಬಿರಿಯುತ್ತೆ, ಒಣ ಮಣ್ಣಿನಲ್ಲಿ ಅರ್ಥಿಂಗ್ ನಿಲ್ಲುವುದಿಲ್ಲ. ಜುಂ ಅನ್ನುವುದು ಹೋಯಿತು, ಗುಂಯ್ ಅರ್ಧ ಉಳಿಯಿತು. ಉಳಿದದ್ದು ಟಿವಿಯಿಂದ. ಟಿವಿಗೆ ತಾರಸಿ ಮೇಲಿನ ಡಿಶ್‌ನ ಕೇಬಲ್ ಬರುತ್ತೆ, ಟಿವಿಯಿಂದ ಆಂಪ್ಲಿಫೈಯರ್‌ಗೆ ಇನ್ನೊಂದು ತಂತಿ. ಎರಡು ಕಡೆ ನೆಲದ ಸಂಪರ್ಕ ಸಿಕ್ಕಿದಾಗ ಆ ತಂತಿಗಳ ಸುತ್ತಿನಲ್ಲಿ ಕರೆಂಟು ಓಡಾಡಿ ಈ ಸದ್ದು ಬರುತ್ತೆ. ಟಿವಿಯನ್ನು ಆಪ್ಟಿಕಲ್ ಕೇಬಲ್ ಮೂಲಕ ಸ್ಟ್ರೀಮರಿಗೇ ಕೊಟ್ಟೆ, ನನ್ನ ಪೆಟ್ಟಿಗೆಯಲ್ಲಿ ಆ ಒಳಬರುವ ತೂತೂ ಇದೆ. ಆಪ್ಟಿಕಲ್‌ನಲ್ಲಿ ಹೋಗುವುದು ಬೆಳಕು, ವಿದ್ಯುತ್ ಸಂಬಂಧವೇ ಇಲ್ಲ. ಸದ್ದು ಪೂರ್ತಿ ನಿಂತಿತು. ಸಾವಿರಾರು ರೂಪಾಯಿಯ ಚಿನ್ನದ ಲೇಪದ ತಂತಿ ತಗೊಳ್ಳುವ ಮುಂಚೆ ದಯವಿಟ್ಟು ಅರ್ಥಿಂಗ್ ನೋಡಿಸಿ. ಸಂಗೀತದ ಮಾತು ಹಾಗಿರಲಿ, ಮನೆಯವರ ಜೀವದ ಪ್ರಶ್ನೆ ಅದು.

ಇನ್ವರ್ಟರ್ ವಿಷಯವೂ ಇದೇ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನ್ ಹೇಗೆ ಗುರ್ ಅನ್ನುತ್ತೋ ಆಂಪ್ಲಿಫೈಯರೂ ಹಾಗೇ. ಹೊಸದು ಹಾಕಿಸುವವರು ಸೈನ್ ವೇವ್ ಹಾಕಿಸಿ.

ಕರೆಂಟ್ ಹೋಗಿ ಬಂದಾಗ ಇನ್ನೊಂದು ತಾಪತ್ರಯ. ಸ್ಟ್ರೀಮರ್ ಬೇಗ ಎದ್ದು ಕೂರುತ್ತೆ, ಫೈಬರ್ ಮೋಡೆಮ್ ಮತ್ತು ರೂಟರ್ ನಿಧಾನ. ನೆಟ್‌ವರ್ಕ್ ಸಿಗದೆ ಪೆಟ್ಟಿಗೆ ಸುಮ್ನೆ ಕೂತುಬಿಡುತ್ತೆ, ಆ್ಯಪ್‌ನಲ್ಲಿ ಕಾಣುವುದೇ ಇಲ್ಲ. ರೂಟರಿಗೆ ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿದೆ, ರೂಟರಿನ ಸೆಟ್ಟಿಂಗ್‌ನಲ್ಲಿ ಸ್ಟ್ರೀಮರಿಗೂ ಲ್ಯಾಪ್‌ಟಾಪಿಗೂ ಒಂದೊಂದು ಐಪಿ ವಿಳಾಸ ಕಾಯಂ ಮಾಡಿದೆ. ಆಮೇಲೆ ಆ ಗೋಳು ಬಂದಿಲ್ಲ. ವೈಫೈ ಬದಲು ಲ್ಯಾನ್ ಕೇಬಲ್ ಎಳೆಸಿದ್ದಂತೂ ನನ್ನ ಪ್ರಕಾರ ಇಡೀ ವ್ಯವಸ್ಥೆಯ ಅತ್ಯಂತ ಸಾರ್ಥಕ ಖರ್ಚು. ಇಂಟರ್ನೆಟ್ ವೇಗ ಎಷ್ಟಿರಬೇಕು ಅಂತ ಜನ ಕೇಳುತ್ತಾರೆ. 24 ಬಿಟ್, 96 ಕಿಲೋಹರ್ಟ್ಸ್ ಫೈಲನ್ನು ಕುಗ್ಗಿಸದೆ ಕಳಿಸಿದರೂ ಸೆಕೆಂಡಿಗೆ 4.6 ಮೆಗಾಬಿಟ್ ಸಾಕು. ಹಾಡು ತಡವರಿಸುವುದು ವೇಗ ಕಮ್ಮಿಯಾಗಿ ಅಲ್ಲ, ದಪ್ಪ ಗೋಡೆ ದಾಟಲಾರದೆ, ಅಕ್ಕಪಕ್ಕದ ಮನೆಗಳ ವೈಫೈ ಒಂದರ ಮೇಲೊಂದು ಬಿದ್ದು. ನಮ್ಮ ಗಲ್ಲಿಯಂಥ ಕಡೆ ವೈಫೈನ 2.4 ಗಿಗಾಹರ್ಟ್ಸ್ ತರಂಗದಲ್ಲಿ ಸಂಜೆ ಹೊತ್ತು ಜಾಗವೇ ಇರುವುದಿಲ್ಲ.

ಪೆಟ್ಟಿಗೆಯನ್ನು ಷೋಕೇಸಿನ ಗಾಜಿನ ಬಾಗಿಲ ಒಳಗೆ ಇಡಬೇಡಿ, ಇಲ್ಲಿಯ ಬೇಸಿಗೆಗೆ ಅದು ಬಿಸಿಯಾಗುತ್ತೆ. ತೆರೆದ ಹಲಗೆಯ ಮೇಲಿಟ್ಟು ವಾರಕ್ಕೊಮ್ಮೆ ಧೂಳು ಒರೆಸಿದರೆ ಆಯಿತು.

ಈಗ ನಾನು ಮನಸಾರೆ ಹೇಳಬೇಕೆಂದಿರುವ ಭಾಗ. ಸಂಗೀತದ ಆ್ಯಪ್‌ಗಳಲ್ಲಿ ನಮ್ಮ ಸಂಗೀತದ ಗತಿ ನೋಡಿದರೆ ಬೇಜಾರಾಗುತ್ತೆ. ಒಬ್ಬರೇ ಗಾಯಕರ ಹೆಸರು ನಾಲ್ಕು ಥರ ಇಂಗ್ಲಿಷ್ ಕಾಗುಣಿತದಲ್ಲಿ ನಾಲ್ಕು ಕಡೆ ಹಂಚಿಹೋಗಿರುತ್ತೆ. ಭಾವಗೀತೆಗೆ ಕವಿಯ ಹೆಸರೇ ಇರುವುದಿಲ್ಲ. ವಚನ ಹಾಡಿದವರ ಜಾಗದಲ್ಲಿ ಕ್ಯಾಸೆಟ್ ಕಂಪನಿಯ ಹೆಸರು. ಹೋದ ವರ್ಷ ಇದ್ದ ಆಲ್ಬಮ್ ಈ ವರ್ಷ ಹಕ್ಕಿನ ಒಪ್ಪಂದ ಮುಗಿದು ಮಾಯ. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲಾಗದ ಹಾಗೆ, ಅಲ್ಲಿ ನಾವು ಏನನ್ನೂ ಸರಿಮಾಡಲಾರೆವು. ಸ್ವಂತ ಫೈಲ್ ಆದರೆ ಎಲ್ಲಾ ನಮ್ಮ ಕೈಯಲ್ಲೇ.

ಹಾಗಾಗಿ ಸಂಜೆಗಳನ್ನು ಟ್ಯಾಗ್ ಹಾಕಲು, ಅಂದರೆ ಫೈಲ್ ಒಳಗೇ ಹಾಡಿನ ವಿವರ ಬರೆಯಲು ಕೊಟ್ಟೆ, ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ. ವಚನಗಳಿಗೆ ಗಾಯಕರ ಹೆಸರು ಆರ್ಟಿಸ್ಟ್ ಕಾಲಂನಲ್ಲಿ, ವಚನಕಾರರ ಹೆಸರು ಕಂಪೋಸರ್ ಕಾಲಂನಲ್ಲಿ. ಈಗ ಕಂಪೋಸರ್ ಪಟ್ಟಿ ತೆರೆದರೆ ಅಕ್ಕಮಹಾದೇವಿ, ಅಲ್ಲಮಪ್ರಭು, ಬಸವಣ್ಣ ಅಂತ ಸಾಲಾಗಿ ಬರುತ್ತೆ. ಅಕ್ಕನನ್ನು ಒತ್ತಿದರೆ ಯಾರು ಯಾರು ಅವಳ ವಚನ ಹಾಡಿದ್ದಾರೋ ಎಲ್ಲರೂ ಒಂದೇ ಕಡೆ. ಮಿನಿಮ್‌ಸರ್ವರ್‌ನಲ್ಲಿ ನಮ್ಮದೇ ಹೊಸ ಕಾಲಂ ಸೇರಿಸಬಹುದು. ನಾನು ರಾಗ ಅಂತ ಒಂದು, ಹೊತ್ತು ಅಂತ ಒಂದು ಮಾಡಿದೆ. ಬೆಳಿಗ್ಗೆ ಅಂತ ಒತ್ತಿದರೆ ತೋಡಿ, ಭೈರವ, ಲಲತ್. ಸಂಜೆ ಅಂದರೆ ಮಾರ್ವಾ, ಪೂರಿಯಾ, ಯಮನ್. ಯಾವ ಆ್ಯಪ್ ಇದನ್ನು ಕೊಡುತ್ತೆ ಹೇಳಿ?

ಕನ್ನಡ ಲಿಪಿಯಲ್ಲೇ ಹೆಸರು ಹಾಕಿದ್ದೇನೆ, ಫೋನಿನ ಆ್ಯಪ್‌ನಲ್ಲಿ ಚೆನ್ನಾಗಿ ಕಾಣುತ್ತೆ. ಆದರೆ ಪರದೆ ಇರುವ ಕೆಲವು ಸ್ಟ್ರೀಮರ್‌ಗಳಲ್ಲಿ ಕನ್ನಡದ ಫಾಂಟ್ ಇರುವುದಿಲ್ಲ, ಬರೀ ಚೌಕ ಚೌಕ ಡಬ್ಬಿ ಮೂಡುತ್ತೆ. ಪರದೆ ಇಲ್ಲದ್ದು ತಗೊಂಡಿದ್ದಕ್ಕೆ ಅದೂ ಒಂದು ಕಾರಣ. ಗೆಳೆಯರಿಂದ ಬಂದ ಹಳೇ ಫೈಲ್‌ಗಳ ಹೆಸರು ಈಗಿನ ಸಾಮಾನ್ಯ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ, 'ನುಡಿ', 'ಬರಹ' ತಂತ್ರಾಂಶಗಳ ಅಕ್ಷರಗಳಲ್ಲಿ ಇದ್ದರೆ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಮಾಡಿದ ಹಾಗೆ ಕಾಣುತ್ತೆ. ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ಕನ್ನಡದ ಹೆಸರುಗಳು ಪಟ್ಟಿಯಲ್ಲಿ ಇಂಗ್ಲಿಷಿನ ಕೊನೇ ಅಕ್ಷರದ ಹೆಸರುಗಳೂ ಮುಗಿದ ಮೇಲೆ ಬರುತ್ತವೆ, ತಳಕ್ಕೆ ಎಳೆಯಬೇಕು. ಇದಕ್ಕೆ ನನಗೆ ಸಿಕ್ಕ ಪರಿಹಾರ, ಎಲ್ಲವನ್ನೂ ಕನ್ನಡದಲ್ಲೇ ಬರೆದುಬಿಡುವುದು.

ಕ್ಯಾಸೆಟ್‌ಗಳದ್ದು ಬೇರೆಯೇ ಕೆಲಸ. ಅಪ್ಪನ ಕಪಾಟಿನಲ್ಲಿ ಜಾತ್ರೆಯ ಭಜನೆ, ಮಠದ ಕಾರ್ಯಕ್ರಮ, ಮನೆಯ ಮದುವೆಗಳಲ್ಲಿ ತುಂಬಿಸಿದ ಕ್ಯಾಸೆಟ್‌ಗಳಿದ್ದವು. ಮೊದಲು ಡೆಕ್‌ನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಕಂದು ಬಣ್ಣದ ಕೊಳೆ ಬರುವುದು ನಿಲ್ಲುವ ತನಕ. ಆಮೇಲೆ ಕ್ಯಾಸೆಟ್ ನುಡಿಯುತ್ತಿರುವಾಗಲೇ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಮಂಕಾಗಿದ್ದ ತಾಳದ ಸದ್ದು ಒಂದು ಹಂತದಲ್ಲಿ ಥಟ್ಟನೆ ಬಿಚ್ಚಿಕೊಳ್ಳುತ್ತೆ. ಅಲ್ಲೇ ನಿಲ್ಲಿಸಿ. ಡೆಕ್‌ನಿಂದ ಲ್ಯಾಪ್‌ಟಾಪಿಗೆ ತಂತಿ ಕೊಟ್ಟು ಆಡಾಸಿಟಿ ಎಂಬ ತಂತ್ರಾಂಶದಲ್ಲಿ 24 ಬಿಟ್‌ನಲ್ಲಿ ಮುದ್ರಿಸಿದೆ, ಜೋರಾದ ಜಾಗವೂ ಅದರ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದ ಹಾಗೆ. ಸುಯ್ ಅನ್ನುವ ಟೇಪಿನ ಸದ್ದನ್ನು ಪೂರ್ತಿ ಒರೆಸಲು ಹೋಗಬೇಡಿ, ಧ್ವನಿಯ ಜೀವವೂ ಅದರ ಜೊತೆಗೇ ಹೋಗುತ್ತೆ. ಆ ಕ್ಯಾಸೆಟ್‌ಗಳಲ್ಲೊಂದರಲ್ಲಿ ಅಜ್ಜಿ, ಅತ್ತೆಯ ಮದುವೆಯ ಚಪ್ಪರದಲ್ಲಿ ಸೋಬಾನೆ ಪದ ಹೇಳಿದ್ದಾಳೆ. ಹಿಂದೆ ಪಾತ್ರೆ ಸದ್ದು, ಯಾರೋ ಮಗುವನ್ನು ಕರೆಯುವುದು, ಹೆಂಗಸರು ಸೊಲ್ಲು ಎತ್ತಿಕೊಳ್ಳುವುದು. ಅಪ್ಪ ಕೇಳಿ, "ಅವ್ವನ ದನಿ ಹಿಂಗ ಇತ್ತು ನೋಡಪ್ಪ" ಅಂದರು. ಜಗತ್ತಿನ ಯಾವ ಆ್ಯಪ್‌ನಲ್ಲೂ ಅದು ಸಿಗುವುದಿಲ್ಲ.

ಅಪ್ಪ ಸ್ಮಾರ್ಟ್‌ಫೋನ್ ಮುಟ್ಟುವುದಿಲ್ಲ. "ಅದ್ರಾಗ ನಂದು ಎಲ್ಲೈತಿ ಅಷ್ಟು ತೋರ್ಸು ಸಾಕು" ಅಂತ ಅವರ ಬೇಡಿಕೆ. ರಿಮೋಟಿನಲ್ಲಿ ನಂಬರ್ ಬಟನ್‌ಗಳಿವೆ, ಒಂದೊಂದಕ್ಕೆ ಒಂದು ಪಟ್ಟಿ ಕಟ್ಟಿದ್ದೇನೆ. 1ಕ್ಕೆ ಬೆಳಗಿನ ರಾಗ, 2ಕ್ಕೆ ವಚನ, 3ಕ್ಕೆ ಸಂಜೆಯದು, 4ಕ್ಕೆ ರೇಡಿಯೋ. ದೊಡ್ಡ ಅಕ್ಷರದಲ್ಲಿ ಬರೆದು ರಿಮೋಟಿನ ಹಿಂದೆ ಅಂಟಿಸಿದ್ದೇನೆ. ಮನೆಯಲ್ಲಿ ಹಿರಿಯರಿದ್ದರೆ ರಿಮೋಟ್ ಇರುವ ಸ್ಟ್ರೀಮರನ್ನೇ ತಗೊಳ್ಳಿ, ಕೆಲವಕ್ಕೆ ಡಬ್ಬಿಯಲ್ಲಿ ಅದು ಬರುವುದಿಲ್ಲ, ಬೇರೆ ಕೊಳ್ಳಬೇಕು. ರೇಡಿಯೋ ಬಟನ್ ಮಾತ್ರ ನಂಬುವ ಹಾಗಿಲ್ಲ. ಕೇಂದ್ರದವರು ವೆಬ್ ವಿಳಾಸ ಬದಲಿಸಿದರೆ ಮೂಕಾಗುತ್ತೆ, ಮತ್ತೆ ಹುಡುಕಿ ಹಾಕಬೇಕು.

ಸದ್ದಿನ ಗುಣ ಹೇಗೆ? ಹಿಂದಿನ ಸಿಡಿ ಪ್ಲೇಯರಿಗೂ ಇದಕ್ಕೂ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಕೂಡ, ಬಿಟ್‌ಗಳು ಅವೇ ತಾನೇ. ಬೇರೆ ಡಿಎಸಿ ತಂದು ಹಚ್ಚುವ ಯೋಚನೆ ಇದ್ದರೆ ಆ ದುಡ್ಡನ್ನು ಕೋಣೆಗೆ ಹಾಕಿ. ನಮ್ಮ ಹಾಲ್‌ಗೆ ಟೈಲ್ಸ್ ನೆಲ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಟಣ್ ಅಂತ ಮರುದನಿ ಬರುತ್ತಿತ್ತು, ತಬಲಾದ ಬಾಯಾಂ (ಎಡಗೈಯ ಡಗ್ಗಾ) ಸದ್ದು ಕಲೆಸಿಹೋಗುತ್ತಿತ್ತು. ನೆಲಕ್ಕೆ ನವಲಗುಂದದ ಜಮಖಾನ ಹಾಸಿ, ಕೂರುವ ಜಾಗದ ಹಿಂದಿನ ಗೋಡೆಗೆ ಎರಡು ಕೌದಿ ತೂಗುಹಾಕಿದ ಮೇಲೆ ಗಾಯಕನ ಉಸಿರು ಎಲ್ಲಿ ನಿಂತಿತು ಅನ್ನುವುದೂ ಕೇಳತೊಡಗಿತು. ಇನ್ನೊಂದು ಸೆಟ್ಟಿಂಗ್: ಸ್ಟ್ರೀಮರಿನ ವಾಲ್ಯೂಮನ್ನು ತುಂಬಾ ಕೆಳಗಿಳಿಸಿ ಆಂಪ್ಲಿಫೈಯರನ್ನು ಜೋರಾಗಿಡಬೇಡಿ. ಡಿಜಿಟಲ್ ವಾಲ್ಯೂಮ್ ಪ್ರತಿ 6 ಡೆಸಿಬೆಲ್ ಇಳಿಸಿದಾಗಲೂ ಹೆಚ್ಚುಕಮ್ಮಿ ಒಂದು ಬಿಟ್‌ನಷ್ಟು ಸೂಕ್ಷ್ಮ ಕಮ್ಮಿಯಾಗುತ್ತೆ. ಸ್ವಲ್ಪ ಇಳಿಸಿದರೆ ಏನೂ ಗೊತ್ತಾಗದು. ನಾನು ಸ್ಟ್ರೀಮರನ್ನು ಪೂರ್ತಿಗೆ ಕಟ್ಟಿ ಆಂಪ್ಲಿಫೈಯರಿನ ಗುಂಡಿಯನ್ನೇ ಬಳಸುತ್ತೇನೆ.

ಬಹಳ ವರ್ಷ ಇಟ್ಟುಕೊಳ್ಳುವವರು ಕೇಳಬೇಕಾದ ಪ್ರಶ್ನೆ, ಕಂಪನಿ ಕೈಬಿಟ್ಟರೆ ಪೆಟ್ಟಿಗೆ ಏನಾಗುತ್ತೆ? ಲಾಜಿಟೆಕ್ ಕಂಪನಿ ತನ್ನ ಸ್ಕ್ವೀಜ್‌ಬಾಕ್ಸ್ ಎಂಬ ಸ್ಟ್ರೀಮರ್ ಪೆಟ್ಟಿಗೆಗಳನ್ನು 2012ರಲ್ಲಿ ನಿಲ್ಲಿಸಿತು. ಆದರೂ ಅವು ಇಂದಿಗೂ ಎಷ್ಟೋ ಮನೆಗಳಲ್ಲಿ ಹಾಡುತ್ತಿವೆ, ಏಕೆಂದರೆ ಅದರ ಸರ್ವರ್ ತಂತ್ರಾಂಶ ಮುಕ್ತವಾಗಿತ್ತು, ಬಳಕೆದಾರರೇ ಅದನ್ನು ಮುಂದುವರಿಸಿದರು. ಈಗ ಲಿರಿಯನ್ ಎಂಬ ಹೆಸರಲ್ಲಿ ಸಿಗುತ್ತೆ. ಕಂಪನಿಯ ಆ್ಯಪ್ ಮತ್ತು ಕಂಪನಿಯ ಸರ್ವರ್ ಇಲ್ಲದೆ ಬದುಕಲಾರದ ಪೆಟ್ಟಿಗೆಗೆ ಹಾಗೆ ಎರಡನೇ ಆಯುಷ್ಯ ಸಿಗುವುದು ಕಷ್ಟ. ಯುಪಿಎನ್‌ಪಿ ಇದೆಯಾ, ಬೇರೆಯವರ ಆ್ಯಪ್‌ನಿಂದಲೂ ನಡೆಯುತ್ತಾ ಅಂತ ಕೇಳಿಯೇ ದುಡ್ಡು ಕೊಡಿ.

ರಿಪೇರಿಯ ಮಾತು ಬಂದರೆ, ಊರಲ್ಲಿ ಸರ್ವೀಸ್ ಸೆಂಟರ್ ಇಲ್ಲ. 260 ಕಿ.ಮೀ. ದೂರದ ಬೆಂಗಳೂರಿಗೆ ಕೊರಿಯರ್ ಮಾಡಬೇಕು. ನನಗೆ ಕೈಕೊಟ್ಟಿದ್ದು ಅಡಾಪ್ಟರ್ ಮಾತ್ರ, ಅದು 5 ವೋಲ್ಟಿನದು, ಇಲ್ಲೇ ಸಿಕ್ಕಿತು. ಹಳೇ ಬಿಲ್ಲನ್ನು ಎಸೆಯಬೇಡಿ.

ಪೆಟ್ಟಿಗೆ ಹೋದರೆ ಇನ್ನೊಂದು ತರಬಹುದು, ಡಿಸ್ಕ್ ಹೋದರೆ ಅಜ್ಜಿಯ ದನಿ ಹೋದ ಹಾಗೆಯೇ. ಅದಕ್ಕೇ ಇಡೀ ಸಂಗ್ರಹದ ಇನ್ನೊಂದು ಪ್ರತಿ ಬೀರುವಿನಲ್ಲಿದೆ, ಮೂರನೆಯದು ಹರಿಹರದಲ್ಲಿ ಅಕ್ಕನ ಮನೆಯಲ್ಲಿ. ಹಬ್ಬಕ್ಕೆ ಹೋದಾಗಲೆಲ್ಲ ಹೊಸ ಫೈಲ್‌ಗಳನ್ನು ಅದಕ್ಕೂ ಸೇರಿಸಿ, ನಾಲ್ಕಾರು ಫೈಲ್ ನುಡಿಸಿ ನೋಡಿ ಬರುತ್ತೇನೆ. ಅಕ್ಕನೂ ಈಗ ಒಂದು ಸ್ಟ್ರೀಮರ್ ಬೇಕು ಅನ್ನುತ್ತಿದ್ದಾಳೆ. ಮೊದಲು ಅವರ ಮನೆಯ ಅರ್ಥಿಂಗ್ ನೋಡಿಸಬೇಕು.